ಪಟಾಲಮ್ಮನ ಕೆಂಪಿಗೆ ಪುಕ್ಕ ಬಂತು

ಶಾಂತವ್ವ ಪಟಾಲಮ್ಮನನ್ನು ಮೊದಲು ನೋಡಿದ್ದು ಹಿತ್ತಲ ಗೋಡೆಯ ಮೇಲೆ. ಎಪ್ಪತ್ತೈದನೇ ಇಸವಿ, ಸಂಕ್ರಾಂತಿಯ ಮರುವಾರ. ಗಂಡ ತೀರಿಕೊಂಡ ಮೇಲೆ ಶಾಂತವ್ವ ದಾವಣಗೆರೆ ಬಿಟ್ಟು ವಿಜಯನಗರ ಬಡಾವಣೆಯಲ್ಲಿದ್ದ ತಮ್ಮ ಏಕಾಂತಯ್ಯನ ಮನೆ ಸೇರಿದ್ದಳು. ಅಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದಾಗ ಆಚೆ ಖಾಲಿ ಸೈಟಿನಲ್ಲಿ ನಾಯಿ ಬೊಗಳಿತು. ಹಿಂದೆಯೇ ಕೆಂಪು ಕೋಳಿಯೊಂದು ಮೋಟು ಗೋಡೆ ಹಾರಿ ಬಂದು ಒಗೆಯುವ ಕಲ್ಲಿನ ಸಂದಿಗೆ ತೂರಿಕೊಂಡಿತು. ಬೆನ್ನಿನ ಪುಕ್ಕವೆಲ್ಲ ಕಿತ್ತುಹೋಗಿ, ಬಾಲದ ಬುಡದಲ್ಲಿ ಚರ್ಮ ಹರಿದು ನೇತಾಡುತ್ತಿತ್ತು.

ಗೋಡೆಯ ಮೇಲೆ ಎಲೆಯಡಿಕೆ ಹಾಕಿ ಕೆಂಪಾದ ಬಾಯಿಯೊಂದು ಎದ್ದಿತು. "ಅಮ್ಮೋ, ನಮ್ ಕೆಂಪಿ ಬಂದ್ಲಾ?"

ಪಕ್ಕದ ಮಾರೇನಹಳ್ಳಿಯ ಪಟಾಲಮ್ಮ ಸೀರೆ ಎತ್ತಿಕಟ್ಟಿ ಗೋಡೆ ದಾಟಿಯೇ ಬಂದಳು. ಕೋಳಿಯನ್ನು ತಿರುಗಿಸಿ ನೋಡಿ ನಾಲಿಗೆ ಲೊಚಗುಟ್ಟಿಸಿದಳು. "ಇದು ಉಳಿಯಾಕಿಲ್ಲ ಬುಡಮ್ಮ. ಸಂಜೆಗೆ ಸಾರು ಮಾಡ್ಬುಡ್ತೀನಿ."

ಶಾಂತವ್ವನ ಕೈ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. "ಜೀವ ಉಳಿಸ್ಕಳಾಕೆ ನಮ್ಮ ಹಿತ್ತಲಿಗೆ ಬಂದೈತಿ. ಲಿಂಗ ಕಟ್ಟಿದ ಕೈಲೆ ಎತ್ತಿ ನಿನ್ನ ಗಡಿಗೆಗೆ ಹಾಕಲೇನು? ಇಲ್ಲೇ ಬಿಡು, ನಾ ನೋಡ್ಕಂತೀನಿ."

"ಗಾಯ ಮಾದ್ರೆ ಸಾಲ್ದಮ್ಮೋ. ಬೋಳು ಬೆನ್ನು ಕಂಡ್ರೆ ಬ್ಯಾರೆ ಕೋಳಿಗೋಳು ಕುಕ್ಕಿ ಸಾಯಿಸ್ತವೆ. ಪುಕ್ಕ ಬರ್ಬೇಕು. ಯುಗಾದಿಗಂಟ ನೋಡಿ. ಬರ್ನಿಲ್ಲಾಂದ್ರೆ ಹೊಸತೊಡಕಿಗೆ ನಮ್ಮ ಯಜಮಾನ ಇದಕ್ಕೇ ಮೆಣಸು ಅರೆಸ್ತಾನೆ."

ಯುಗಾದಿಯ ಮರುದಿನ ಅವರ ಮನೆಯಲ್ಲಿ ಬಾಡೂಟ ತಪ್ಪುವಂತಿಲ್ಲ ಎಂಬುದು ಶಾಂತವ್ವನಿಗೆ ಅಂದೇ ತಿಳಿದದ್ದು.

ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಗಾಯ ತೊಳೆದು, ಅರಿಶಿನ ಹಚ್ಚಿ, ಬಿದಿರು ಬುಟ್ಟಿಯ ಕೆಳಗೆ ಕೆಂಪಿಯ ಬಿಡಾರವಾಯಿತು. ಏಕಾಂತಯ್ಯ ತಲೆ ಚಚ್ಚಿಕೊಂಡ. "ಅಕ್ಕಾ, ನಾ ಪೂಜೆಗೆ ಕುಂತ್ರೆ ಹಿತ್ತಲಾಗೆ ಕೊಕ್ಕೊಕ್ಕೋ ಅಂತೈತಿ. ನಮ್ಮ ಜನ ಕೇಳಿದ್ರೆ ಏನಂತಾರೆ?"

"ನಿನ್ನ ಗೊರಕೆಗಿಂತ ವಾಸಿ ಐತಿ, ಸುಮ್ನಿರು," ಎಂದಳು ಅಕ್ಕ.

ಪಟಾಲಮ್ಮ ಆಗಾಗ ಬಂದು ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದಳು. ಬಡಾವಣೆಯಾಗುವ ಮೊದಲು ಅದೆಲ್ಲ ಅವಳ ಮಾವನ ಹೊಲ. ರಸ್ತೆಯ ಹೆಸರು, ನಂಬರು ಅವಳಿಗೆ ಬೇಕಿರಲಿಲ್ಲ. ಪೋಸ್ಟಾಫೀಸೆಂದರೆ ಹುರುಳಿ ಹೊಲ, ಡಾಕ್ಟರ ಮನೆಯೆಂದರೆ ಬಾವಿಕಟ್ಟೆ. "ನಿಮ್ಮ ಅಡುಗೆಮನೆ ಐತಲ್ಲ, ಅದು ಅವರೆ ಸಾಲು. ಅಲ್ಲೇ ಕಳೆ ಕೀಳ್ತಾ ನಂಗೆ ದೊಡ್ಡ ಮಗಳ ಹೆರಿಗೆ ನೋವು ಸುರುವಾಗಿದ್ದು," ಎಂದು ಹೇಳಿ ಗೋಡೆ ಅದುರುವಂತೆ ನಗುವಳು. ಹೊಲ ಹೋದದ್ದಕ್ಕೆ ಅತ್ತದ್ದನ್ನು ಶಾಂತವ್ವ ಒಮ್ಮೆಯೂ ನೋಡಲಿಲ್ಲ. ಉಳಿದ ತಿಪ್ಪೆಯ ಜಾಗದಲ್ಲೇ ಕೋಳಿ ಸಾಕಿ ಅವಳು ರಾಣಿಯಂತಿದ್ದಳು.

ಪುಕ್ಕ ಬರಲು ಗೆದ್ದಲು ತಿನ್ನಿಸಬೇಕೆಂದು ಪಟಾಲಮ್ಮ ಹುತ್ತದ ಹೆಂಟೆಯನ್ನೇ ಹೊತ್ತು ತಂದಳು. ಶಾಂತವ್ವ ಸೆರಗು ಮುಖಕ್ಕೆ ಹಿಡಿದು ಒಳಗೆ ಓಡಿದಳು. ಕೊನೆಗೆ ಒಪ್ಪಂದವಾಯಿತು: ಗೆದ್ದಲು ಪಟಾಲಮ್ಮನ ಪಾಲು, ನೆನೆಸಿದ ಕಡಲೆಕಾಯಿ ಹಿಂಡಿ, ಬೇಯಿಸಿದ ಹೆಸರುಕಾಳು ಶಾಂತವ್ವನ ಪಾಲು.

ಶಿವರಾತ್ರಿಯ ಹೊತ್ತಿಗೆ ಗಾಯ ಮಾದು, ಬೋಳು ಬೆನ್ನಿನ ತುಂಬ ನೀಲಿಗಪ್ಪು ಮೊನೆಗಳು ಎದ್ದವು. ಕೆಂಪಿ ಬರುವವರೆಗೂ ಕೋಳಿ ಮುಟ್ಟದ ಶಾಂತವ್ವ ಅವನ್ನು ಮುಳ್ಳೆಂದುಕೊಂಡಳು. ಬೇಲಿಯಲ್ಲಿ ನುಸುಳುವಾಗ ಚುಚ್ಚಿ ಒಳಗೇ ಉಳಿದಿರಬೇಕು, ಪಾಪದ್ದು. ಕಾಲಿನ ಮುಳ್ಳು ಕೀಳುವ ಚಿಮಟ ತಂದು, ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದನ್ನು ಎಳೆದೇಬಿಟ್ಟಳು. ಕೆಂಪಿ ಕಿರುಚಿತು. ರಕ್ತ ಚಿಲ್ಲೆಂದು ಸೆರಗಿನ ಮೇಲೆ ಹಾರಿತು.

ಕೂಗಿಗೆ ಓಡಿ ಬಂದ ಪಟಾಲಮ್ಮ ಬೆರಳಿಗೆ ಅರಿಶಿನ ಮೆತ್ತಿ ಅಲ್ಲಿ ಒತ್ತಿ ಹಿಡಿದಳು. "ಅಯ್ಯೋ ನನ್ ತಾಯೀ! ಅದೇ ಕಣಮ್ಮ ಪುಕ್ಕ! ಎಳೇದ್ರಾಗೆ ಒಳಗೆ ರಕ್ತ ಇರ್ತದೆ. ಎಲ್ಲಾನೂ ಕಿತ್ಬುಟ್ರಾ?"

"ಇಲ್ಲ, ಒಂದೇ," ಎಂದು ಶಾಂತವ್ವ ಬಿಕ್ಕಿದಳು. "ನಾನೇ ಕೊಂದೆ ಅನ್ಕಂಡೆ."

"ಒಂದು ಹೋದ್ರೆ ಹೋಗ್ಲಿ. ಆ ಚಿಮಟ ಮಾತ್ರ ನನ್ ಕೈಗೆ ಕೊಡಿ." ಪಟಾಲಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಆಮೇಲೆ ಶಾಂತವ್ವ ಬೆನ್ನು ಮುಟ್ಟಲಿಲ್ಲ, ನೋಡುತ್ತಿದ್ದಳು ಅಷ್ಟೆ. ಮೊನೆಗಳ ತುದಿ ಬಿರಿಯಿತು. ಒಳಗಿನಿಂದ ಸಣ್ಣ ಕುಂಚದಂಥದ್ದು ಇಣುಕಿ, ಬಿಸಿಲಿಗೆ ಅರಳಿ, ತಾಮ್ರದ ಬಣ್ಣದ ಪುಕ್ಕವಾಯಿತು. ಏಕಾಂತಯ್ಯನೇ ಆಫೀಸಿಗೆ ಹೊರಡುವ ಮುಂಚೆ ಹಿತ್ತಲಿಗೆ ಇಣುಕಿ, "ಇವತ್ತು ಎಲ್ಲಿಗಂಟ ಬಂತು?" ಎಂದು ಕೇಳತೊಡಗಿದ.

ಯುಗಾದಿಯ ದಿನ ಬೇವುಬೆಲ್ಲ ತಿಂದು ಶಾಂತವ್ವ ಕೆಂಪಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮಾರೇನಹಳ್ಳಿಗೆ ನಡೆದಳು. ಜಗಲಿಯ ಮೇಲೆ ಪಟಾಲಮ್ಮನ ಗಂಡ ಮುನಿರಾಜಪ್ಪ ಕತ್ತಿ ಮಸೆಯುತ್ತಿದ್ದ. ಶಾಂತವ್ವ ಸೆರಗನ್ನು ಇನ್ನಷ್ಟು ಬಿಗಿದುಕೊಂಡಳು. ಪಟಾಲಮ್ಮ ಕೋಳಿಯನ್ನು ತಿಪ್ಪೆಯ ಮೇಲೆ ಬಿಟ್ಟಳು. ದಪ್ಪ ಕರಿ ಹೇಂಟೆಯೊಂದು ಕತ್ತು ಚಾಚಿ ಬಂದು ಹೊಸ ಬೆನ್ನನ್ನು ಓರೆಗಣ್ಣಿನಲ್ಲಿ ನೋಡಿ, ಕುಕ್ಕಿತು. ಕೆಂಪಿ ಗರಕ್ಕನೆ ತಿರುಗಿ, ಪುಕ್ಕವೆಲ್ಲ ಕೆದರಿಕೊಂಡು, ಅದನ್ನು ಹುಣಸೆಮರದವರೆಗೂ ಅಟ್ಟಿಸಿಕೊಂಡು ಹೋಯಿತು.

"ಕಂಡ್ಯಾ ನಮ್ಮ ಹುಡುಗಿ ಗತ್ತು!" ಪಟಾಲಮ್ಮ ಚಪ್ಪಾಳೆ ತಟ್ಟಿದಳು. "ಏಯ್, ಕತ್ತಿ ಇಡಯ್ಯ ಒಳಗೆ! ನಾಳೀಕೆ ಕುರಿ ಬಾಡು ತಂದ್ಕೋ ಹೋಗು."

ಮುನಿರಾಜಪ್ಪ ಗೊಣಗುತ್ತಾ ಎದ್ದ. ಶಾಂತವ್ವ ನಗುತ್ತಲೇ ಕಣ್ಣು ಒರೆಸಿಕೊಂಡು ಮನೆಗೆ ಹೊರಟಳು. ಬೇಲಿಯವರೆಗೆ ಕಳಿಸಲು ಬಂದ ಪಟಾಲಮ್ಮ ಅವಳ ಮೊಣಕೈ ಹಿಡಿದು, ಯಾರೂ ಕೇಳದಂತೆ ಪಿಸುಗುಟ್ಟಿದಳು:

"ಶಾಂತವ್ವನೋರೇ, ಇವ್ಳು ಕಾವು ಕೂತಾಗ ಮೊಟ್ಟೆ ಸಮೇತ ತಂದು ನಿಮ್ಮ ಬಚ್ಚಲು ಮೂಲೇಲಿ ಕೂರುಸ್ಲಾ? ನಿಮ್ಮ ತಮ್ಮಂಗೆ ಮರಿ ಆದ್ಮೇಲೆ ಹೇಳಿದ್ರಾಯ್ತು, ಆಗಾಕಿಲ್ವಾ?"