ಪಟ್ಟಿ ಹಿಡಿದ ಕೈ

ನಮ್ಮ ಚಿಕ್ಕಮ್ಮ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುತ್ತಾರೆ. ಮೂಳೆ ಮುರಿದು ಆಪರೇಷನ್ ಆದವರನ್ನು ಮತ್ತೆ ನಡೆಸುವುದು ಅವರ ಕೆಲಸ. ರೋಗಿಯ ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ, ಹಿಂದಿನಿಂದ ಹಿಡಿದುಕೊಂಡು, ಕಾಲು ಗಟ್ಟಿಯಾಗಿ ಊರುತ್ತಿದ್ದಂತೆ ಹಿಡಿತ ಸಡಿಲಿಸಬೇಕು. ಯಾವಾಗ ಸಡಿಲಿಸಬೇಕೆಂಬುದು ಅವರ ಕೈಗೇ ಗೊತ್ತಿತ್ತು. ಮನೆಗೆ ಬಂದರೆ ಯಾರು ಹೇಗೆ ನಡೆದರೆಂದು ಅಡುಗೆಮನೆಯಲ್ಲೇ ನಡೆದು ತೋರಿಸಿ ನಮ್ಮನ್ನೆಲ್ಲ ನಗಿಸುತ್ತಿದ್ದರು.

ಹೋದ ವರ್ಷ ಚಿಕ್ಕಮ್ಮ ನಡೆಸುತ್ತಿದ್ದ ಒಬ್ಬ ರೋಗಿ ಕಾಲು ತೊಡರಿ ಮಂಡಿಯೂರಿ ಬಿದ್ದರು. ಪೆಟ್ಟೇನೂ ಆಗಲಿಲ್ಲ. ಆದರೂ ವಿಭಾಗದ ಮುಖ್ಯಸ್ಥರು ಚಿಕ್ಕಮ್ಮನನ್ನು ಕರೆದು, ಕಾಯುತ್ತಾ ಕುಳಿತಿದ್ದ ರೋಗಿಗಳ ಮುಂದೆ ನಿಲ್ಲಿಸಿದರು.

"ಇವರ ಕೈಗೆ ನಿಮ್ಮಮ್ಮನ್ನ ಯಾರಾದ್ರೂ ಕೊಡ್ತೀರಾ? ಕೊಡೋರು ಕೈ ಎತ್ತಿ."

ಯಾರೂ ಎತ್ತಲಿಲ್ಲ.

ಅಂದಿನಿಂದ ಚಿಕ್ಕಮ್ಮನ ಕೈಯಲ್ಲಿ ಒಬ್ಬರೂ ಬೀಳಲಿಲ್ಲ. ಒಬ್ಬರೂ ಸರಿಯಾಗಿ ನಡೆಯಲೂ ಇಲ್ಲ. ಕುರ್ಚಿಯಲ್ಲೇ ಕೂರಿಸಿ ಕಾಲು ಮಡಚಿಸಿ, ಚಾಚಿಸಿ, "ಇವತ್ತಿಗೆ ಸಾಕು" ಎಂದುಬಿಡುತ್ತಿದ್ದರು. ಕಾರಿಡಾರಿನಲ್ಲಿ ಮುಖ್ಯಸ್ಥರ ಬೂಟಿನ ಸದ್ದು ಕೇಳಿದರೆ ನಿಂತಿದ್ದ ರೋಗಿಯನ್ನೂ ಕೂರಿಸಿಬಿಡುತ್ತಿದ್ದರು. ಅಡುಗೆಮನೆಯ ಆ ನಡಿಗೆಯೂ ನಿಂತುಹೋಯಿತು.

ಹೀಗಿರುವಾಗ ಬಟ್ಟೆ ಹೊಲಿಯುತ್ತಿದ್ದ ಟೈಲರ್ ಅಜ್ಜಿಯೊಬ್ಬರು ರೋಗಿಯಾಗಿ ಬಂದರು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಮಗಳು ಹಗಲೆಲ್ಲ ಕೆಲಸಕ್ಕೆ ಹೋಗುವವಳು. ಶೌಚಾಲಯದವರೆಗೆ ತಾವಾಗಿ ನಡೆದರೆ ಅಜ್ಜಿ ಮನೆಗೆ, ಇಲ್ಲದಿದ್ದರೆ ವೃದ್ಧಾಶ್ರಮಕ್ಕೆ ಎಂದು ಮಾತಾಗಿತ್ತು.

ಚಿಕ್ಕಮ್ಮ ಅವರನ್ನು ನಿಲ್ಲಿಸುತ್ತಿದ್ದರು, ಆದರೆ ಹಿಡಿತ ಬಿಡುತ್ತಿರಲಿಲ್ಲ.

"ಹೊಲಿಗೆ ಇಷ್ಟು ಬಿಗಿ ಹಾಕಿದ್ರೆ ಬಟ್ಟೆ ಸುಕ್ಕಾಗುತ್ತೆ ಕಣಮ್ಮ. ಸ್ವಲ್ಪ ಬಿಡು."

"ಬಿದ್ದುಬಿಡ್ತೀರಿ ಅಜ್ಜಿ."

"ಬೀಳೋಕೂ ಬಿಡ್ತಿಲ್ವಲ್ಲ ನೀನು."

ಆಸ್ಪತ್ರೆಯಿಂದ ಕಳಿಸುವ ದಿನ ಬೆಳಿಗ್ಗೆ ಮಗಳು ಬಂದಳು. ಹಿಂದೆಯೇ ಮುಖ್ಯಸ್ಥರೂ ಬಂದು ವಾರ್ಡಿನ ಬಾಗಿಲಿಗೆ ಒರಗಿ ನಿಂತರು.

"ಅಮ್ಮ ನಡೀತಾರಾ ಮೇಡಂ?" ಎಂದು ಮಗಳು ಕೇಳಿದಳು.

ಚಿಕ್ಕಮ್ಮ ಇಲ್ಲ ಎಂದಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಅಜ್ಜಿ ಚಿಕ್ಕಮ್ಮನ ಬಾಯಿಯನ್ನೇ ನೋಡುತ್ತಿದ್ದರು.

"ನಡೀತಾರೆ. ನಾನೇ ನಡೆಸಿಲ್ಲ."

"ಓಹೋ," ಎಂದರು ಮುಖ್ಯಸ್ಥರು. "ಹಾಗಾದ್ರೆ ನಡೆಸಿ, ನೋಡೋಣ. ಬಿದ್ರೆ ಈ ಸಲ ಬರೀ ಬೈಗುಳಕ್ಕೆ ಮುಗಿಯಲ್ಲ."

"ಬಿದ್ರೆ ಎತ್ತೋಕೆ ನೀವಿದ್ದೀರಲ್ಲ ಡಾಕ್ಟ್ರೇ," ಎನ್ನುತ್ತಾ ಅಜ್ಜಿ ಆಗಲೇ ಮಂಚದಿಂದ ಕಾಲು ಇಳಿಬಿಟ್ಟಿದ್ದರು.

ಚಿಕ್ಕಮ್ಮ ಪಟ್ಟಿ ಕಟ್ಟಿದರು. ಕಣ್ಣು ಮತ್ತೆ ಮತ್ತೆ ಬಾಗಿಲ ಕಡೆಗೇ ಹೋಗುತ್ತಿತ್ತು.

"ಆ ಕಡೆ ನೋಡ್ಬೇಡ," ಎಂದರು ಅಜ್ಜಿ ಮೆಲ್ಲಗೆ. "ನನ್ನ ಕಾಲು ನೋಡು."

ಒಂದು ಹೆಜ್ಜೆ. ಇನ್ನೊಂದು. ಚಿಕ್ಕಮ್ಮ ಬೆರಳು ಸಡಿಲಿಸಿದರು. ಶೌಚಾಲಯವಿದ್ದದ್ದು ಬಾಗಿಲಿನಾಚೆ. ಮುಖ್ಯಸ್ಥರು ಬಾಗಿಲು ಬಿಟ್ಟು ಕದಲಲಿಲ್ಲ. ಇಬ್ಬರೂ ಅವರ ಕಡೆಗೇ ನಡೆದರು.