ಹುಳುಮನೆಯ ಮಹಜರು

ದೆವ್ವ, ಗಾಳಿ ಅಂತ ಯಾರಾದರೂ ಶುರು ಮಾಡಿದರೆ ನಾನು ಮೊದಲು ಕೇಳುತ್ತಿದ್ದದ್ದು, ಸಾಕ್ಷಿ ಯಾರು ಅಂತ. ಪೊಲೀಸ್ ಠಾಣೆಯಲ್ಲಿ ಇಪ್ಪತ್ತು ವರ್ಷ ರೈಟರ್ ಆಗಿ ದೂರು, ಮಹಜರು ಬರೆದವನ ಬುದ್ಧಿ ಅದು. ಈಗ ಹಾಗೆ ಕೇಳುವುದನ್ನು ಬಿಟ್ಟಿದ್ದೇನೆ. ಯಾಕೆಂದರೆ ಈ ಸಂಗತಿಗೆ ನನ್ನನ್ನು ಬಿಟ್ಟು ನಾಲ್ಕು ಜನ ಸಾಕ್ಷಿಗಳಿದ್ದಾರೆ.

ಐಪಿಸಿ ಹೋಗಿ ಹೊಸ ಕಾನೂನು ಬರುವುದಕ್ಕೆ ಕೆಲವು ವರ್ಷ ಮುಂಚಿನ ಮಾತು. ದಿಬ್ಬೂರಹಳ್ಳಿ ಕಡೆಯ ಒಂದು ಊರಿನಲ್ಲಿ ಮುನಿರಾಜು ಎಂಬ ರೇಷ್ಮೆ ಬೆಳೆಗಾರ ತನ್ನ ಹುಳುಮನೆಯಲ್ಲೇ ಸತ್ತುಬಿದ್ದಿದ್ದ. ಚಳಿಗಾಲದಲ್ಲಿ ಹುಳುಗಳಿಗೆ ಬೆಚ್ಚಗಿರಲೆಂದು ಒಳಗೆ ಇದ್ದಿಲಿನ ಒಲೆ ಇಟ್ಟು, ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚುವುದು ನಮ್ಮ ಕಡೆ ವಾಡಿಕೆ. ಆ ಬೆಳಿಗ್ಗೆ ಒಲೆ ಹಚ್ಚಿ ಹೊರಗಿನಿಂದ ಚಿಲಕ ಹಾಕಿದವನು ಅವನ ಅಣ್ಣ ಆಂಜಿನಪ್ಪ. ತಮ್ಮ ಒಳಗೆ ಹುಳುತಟ್ಟೆ ಜೋಡಿಸುವ ಅಟ್ಟಣೆಯ ಹಿಂದೆ ಮಲಗಿದ್ದ. ಇದ್ದಿಲ ಹೊಗೆಗೆ ಉಸಿರು ಕಟ್ಟಿತು.

“ಸೊಪ್ಪು ಕುಯ್ಯಕ್ಕೆ ಹೋಗವ್ನೆ ಅನ್ಕೊಂಡೆ ಸಾರ್. ಜಗಲಿ ಮೇಲೇ ತಟ್ಟೆ ತೊಳೀತಾ ಕೂತಿದ್ದೆ, ಒಂದು ಸದ್ದೂ ಇಲ್ಲ,” ಎಂದು ಆಂಜಿನಪ್ಪ ಅತ್ತ. ಆದರೆ ಬೋರ್‌ವೆಲ್ ನೀರಿನ ಸರದಿಗಾಗಿ ಅಣ್ಣತಮ್ಮಂದಿರು ಹಿಂದಿನ ದಿನವಷ್ಟೇ ಹೊಡೆದಾಡಿದ್ದು ಊರಿಗೆಲ್ಲ ಗೊತ್ತಿತ್ತು.

ಸಾವು ಒಂದೇ, ಕಾನೂನಿಗೆ ಅದು ಮೂರು ಥರ. ಕೊಲ್ಲಬೇಕೆಂದೇ ಚಿಲಕ ಹಾಕಿದ್ದರೆ ಕೊಲೆ, ಮುನ್ನೂರೆರಡು. ಸಾಯಬಹುದು ಅಂತ ಗೊತ್ತಿದ್ದೂ ಹಾಕಿದ್ದರೆ ಮುನ್ನೂರನಾಲ್ಕು, ಕೊಲೆಯಲ್ಲದ ನರಹತ್ಯೆ. ಒಳಗೆ ನೋಡದೆ ಹಾಕಿದ್ದರೆ ಬರೀ ನಿರ್ಲಕ್ಷ್ಯ, ಹೆಚ್ಚೆಂದರೆ ಎರಡು ವರ್ಷ. ಕೈಯನ್ನಲ್ಲ, ಮನಸ್ಸನ್ನು ನೋಡಬೇಕು. ಅದನ್ನು ನೋಡುವ ಕನ್ನಡಕ ನಮ್ಮ ಠಾಣೆಯಲ್ಲಿರಲಿಲ್ಲ.

ಇನ್ಸ್‌ಪೆಕ್ಟರ್ ಒಂದು ಉಪಾಯ ಮಾಡಿದರು. ಮುನಿರಾಜು ಎಚ್ಚೆತ್ತು ಕೂಗಿದ್ದರೆ ಜಗಲಿಗೆ ಕೇಳಿಸುತ್ತಿತ್ತೇ? ಕೇಳಿಸಿಯೂ ಚಿಲಕ ತೆಗೆಯದಿದ್ದರೆ ಆಂಜಿನಪ್ಪನ ಜೀವಮಾನ ಜೈಲಿನಲ್ಲೇ. “ಒಳಗೆ ಹೋಗಿ ಕೂಗಯ್ಯ,” ಎಂದು ನನ್ನನ್ನು ಕಳಿಸಿದರು. ಹೊರಗೆ ಅವರು, ಆಂಜಿನಪ್ಪ, ಸಾಕ್ಷಿಗೆಂದು ಕರೆಸಿದ ಊರಿನ ಇಬ್ಬರು ಪಂಚರು.

ನಡುಮಧ್ಯಾಹ್ನ. ಬಾಗಿಲು ಮುಚ್ಚಿತು, ಚಿಲಕ ಬಿತ್ತು. ಹುಳುಗಳನ್ನು ಆಗಲೇ ತಿಪ್ಪೆಗೆ ಸುರಿದಾಗಿತ್ತು, ತಟ್ಟೆಗಳು ಖಾಲಿ. ಕೂಗಲೆಂದು ಬಾಯಿ ತೆರೆದೆ. ದನಿಯೇ ಹೊರಡಲಿಲ್ಲ. ಸುಳ್ಳು ಯಾಕೆ, ನನಗೆ ಹೆದರಿಕೆಯಾಗಿತ್ತು. ಗೋಡೆಗೆ ಒರಗಿ ಸುಮ್ಮನೆ ನಿಂತೆ. ಒಳಗೆ ಸೊಳ್ಳೆಯ ಸದ್ದೂ ಇರಲಿಲ್ಲ.

ಚಿಲಕ ತೆಗೆದ ಇನ್ಸ್‌ಪೆಕ್ಟರ್, “ಚೆನ್ನಾಗೇ ಕೇಳಿಸ್ತು ಕಣಯ್ಯ. ಆದ್ರೆ ತೆಲುಗಲ್ಲಿ ಯಾಕೆ ಕೂಗ್ದೆ?” ಎಂದರು.

ನಾನು ಕೂಗೇ ಇಲ್ಲ ಅಂದೆ. ಪಂಚರು ಮುಖ ಮುಖ ನೋಡಿಕೊಂಡರು. ‘ಅನ್ನಾ, ತಲುಪು ತಿಯ್ಯಿ’, ಅಣ್ಣಾ ಬಾಗಿಲು ತೆಗಿ ಅಂತ ಎರಡು ಸಲ ಸ್ಪಷ್ಟವಾಗಿ ಕೇಳಿಸಿತಂತೆ. ಮುನಿರಾಜುವಿನ ಮನೆಮಾತು ತೆಲುಗು. ಆಂಜಿನಪ್ಪ ನೆಲ ನೋಡುತ್ತಿದ್ದ.

ಮತ್ತೆ ಒಳಗೆ ಹೋದೆ. ಈ ಸಲ ಪ್ರಾಣ ಹೋಗುವ ಹಾಗೆ ಕಿರುಚಿದೆ. ಹೊರಗೆ ಒಬ್ಬರಿಗೂ ಏನೂ ಕೇಳಿಸಲಿಲ್ಲ.

ಯಾವುದನ್ನು ಬರೆಯುವುದು? ಇನ್ಸ್‌ಪೆಕ್ಟರ್, “ನೀನು ಕೂಗಿದ್ದು ಯಾವ್ದೋ ಅದನ್ನ ಬರಿ,” ಎಂದರು. ಒಳಗಿನ ಕೂಗು ಹೊರಗೆ ಕೇಳಿಸುವುದಿಲ್ಲ ಎಂದು ಬರೆದೆ. ಕೇಸು ನಿರ್ಲಕ್ಷ್ಯಕ್ಕೆ ಇಳಿಯಿತು.

ಅದು ಯಾರ ದನಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ನಿರಪರಾಧಿಯನ್ನು ಉಳಿಸಿದೆನೋ, ಕೊಲೆಗಾರನನ್ನು ಬಿಟ್ಟೆನೋ, ಅದೂ ಗೊತ್ತಿಲ್ಲ. ಅವತ್ತು ಮಹಜರು ಓದಿ ಹೇಳಿದ ಮೇಲೆ ಪಂಚರು ತೆಪ್ಪಗೆ ಸಹಿ ಹಾಕಿ ಹೊರಟರು. ಆಂಜಿನಪ್ಪ ಮಾತ್ರ ನನ್ನ ಹತ್ತಿರ ಬಂದು, ಮೆಲ್ಲಗೆ, “ಮೊದಲನೇ ಕೂಗು ಬರೀಲಿಲ್ವಾ ಸಾರ್?” ಅಂದ.