ತೊಟ್ಟಿಯ ಕಪ್ಪೆಗಳು

ಕಪ್ಪೆಗಳ ಚರ್ಮಕ್ಕೆ ಹತ್ತುವ, ನೀರು ಕೆಸರಿನಲ್ಲೂ ಹರಡುವ ಶಿಲೀಂಧ್ರ ರೋಗವನ್ನು ಹುಡುಕಿಕೊಂಡು ಆ ಬೇಸಿಗೆಯೆಲ್ಲ ತೆಂಗಿನ ತೋಟ ಸುತ್ತಿದ್ದೆ. ಕಪ್ಪೆಯ ಹೊಟ್ಟೆಯ ಮೇಲೆ ಹತ್ತಿಕಡ್ಡಿ ಆಡಿಸಿ ಶೀಶೆಗೆ ಹಾಕುವುದು ನನ್ನ ಕೆಲಸ. ಒಂದೊಂದು ಕಪ್ಪೆಗೂ ಹೊಸ ಕೈಗವಸು ಹಾಕಬೇಕೆಂಬುದು ನಿಯಮ.

ಹೊನ್ನವಳ್ಳಿಯ ತೋಟವೊಂದರಲ್ಲಿ ಗೌರಮ್ಮ ಎಂಬ ಹಿರಿಯಾಕೆ ಬೋರ್‌ವೆಲ್ ಪಕ್ಕದ ಸಿಮೆಂಟ್ ತೊಟ್ಟಿ ತೋರಿಸಿದರು. ಮರಗಳ ಬುಡಕ್ಕೆ ಹೊದಿಸಿದ್ದ ಮಟ್ಟೆ ಎತ್ತುವಾಗ ಸಿಕ್ಕ ಕಪ್ಪೆಗಳು ಬಿಸಿಲಿಗೆ ಸಾಯದಿರಲೆಂದು ಎಲ್ಲವನ್ನೂ ತಂದು ಅದರಲ್ಲಿ ಬಿಟ್ಟಿದ್ದರು. ಮೂಲೆಯಲ್ಲಿ ಅವು ಒಂದರ ಮೇಲೊಂದು ಒತ್ತಿಕೊಂಡು ಕೂತಿದ್ದವು. ಎರಡು ಸತ್ತು ತೇಲುತ್ತಿದ್ದವು.

"ಹೀಗೆ ಗುಂಪು ಕೂಡಿಸಬೇಡಿ ಅಮ್ಮ. ಮೈಗೆ ಮೈ ತಾಗಿ ಒಂದರ ರೋಗ ಎಲ್ಲಕ್ಕೂ ಹತ್ತುತ್ತೆ," ಎಂದೆ.

"ಬಿಸ್ಲಲ್ಲಿ ಅವೇ ತ್ಯಾವ ಹುಡುಕ್ಕಂಡು ಒಟ್ಗೆ ಸೇರ್ತವೆ ಕಣಪ್ಪ. ಬಿಡಿಸಿ ಎಲ್ಲಿಗ್ ಬುಡ್ಲಿ?"

ನಾನು ಹೊಸ ಕೈಗವಸು ಹಾಕಿಕೊಂಡು ತೊಟ್ಟಿಯಿಂದ ಒಂದು ಕಪ್ಪೆ ಎತ್ತಿಕೊಂಡೆ. ಕೆಲಸ ಮುಗಿಸಿ, ಎಂದಿನಂತೆ ಬೂಟು ಬಿಚ್ಚಿ ಅದೇ ತೊಟ್ಟಿಯಲ್ಲಿ ಅದ್ದಿ ಕೆಸರು ತೊಳೆದೆ.

ಗೌರಮ್ಮ ನೋಡುತ್ತಾ ನಿಂತಿದ್ದರು. "ಅದ್ಯಾವೂರ್ ಕೆಸ್ರಪ್ಪ?" ಎಂದರು.

ಬೆಳಿಗ್ಗೆ ತುರುವೇಕೆರೆಯ ಕಡೆ ಕಪ್ಪೆ ಹಿಡಿದು ಬಂದಿದ್ದೆ. ಅವರ ಕಪ್ಪೆಗಳು ತೋಟ ದಾಟಿರಲಿಲ್ಲ, ನಾನು ತಾಲ್ಲೂಕು ದಾಟಿದ್ದೆ. ಕೈಗವಸನ್ನು ಮಾತ್ರ ಕಪ್ಪೆಗೊಂದರಂತೆ ಬದಲಿಸಿದ್ದೆ.